ಎರಡು ದಿನದ ‘ಮಾಲ್ಗುಡಿ’ ಪ್ಯಾಕೇಜು: ಊಟಕ್ಕೆ ಐದು, ಭೂಗೋಳಕ್ಕೆ ಒಂದೂವರೆ

ತಲೆಗೆ 3,200 ರೂಪಾಯಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಶಿವಮೊಗ್ಗದಿಂದ ಹೊರಟು ಶಿವಮೊಗ್ಗಕ್ಕೇ ವಾಪಸ್. ತಿಂಡಿ, ಊಟ, ಒಂದು ರಾತ್ರಿ ವಸತಿ, ಗೈಡು ಎಲ್ಲ ಸೇರಿ. ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ ಪೋಸ್ಟರಿನಲ್ಲಿ ಇಷ್ಟು ಇತ್ತು. ಅದರ ಕೆಳಗೆ ಜಾಗಗಳ ಪಟ್ಟಿ: ಮಾಲ್ಗುಡಿ ರೈಲ್ವೆ ಸ್ಟೇಷನ್, ಮಾಲ್ಗುಡಿ ನದಿ ತೀರ, ಮಾಲ್ಗುಡಿ ಸನ್‌ಸೆಟ್, ಸ್ವಾಮಿಯ ಮನೆ, ಕುಪ್ಪಳ್ಳಿ (ಸಮಯ ಇದ್ದರೆ). ಮಾಲ್ಗುಡಿ ಅನ್ನೋದು ಆರ್.ಕೆ. ನಾರಾಯಣ್ ಕಥೆಗಳಲ್ಲಿ ಬರೋ ಕಲ್ಪನೆಯ ಊರು, ಸ್ವಾಮಿ ಅಲ್ಲಿನ ಹುಡುಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಇಡೀ ಪಟ್ಟಿಯಲ್ಲಿ ಭೂಪಟದಲ್ಲಿರುವ ಹೆಸರು ಕೊನೆಯದೊಂದೇ, ಅದನ್ನೂ ಆವರಣದೊಳಗೆ ಕೂರಿಸಿದ್ದಾರೆ ಅನ್ನೋದು ಆಗಲೇ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ. ಮೊಮ್ಮಗನಿಗೆ ಸಂಕ್ರಾಂತಿ ರಜೆ, ನಾದಿನಿಗೆ ಹುರುಪು, ನಾನು ದುಡ್ಡು ಹಾಕಿಬಿಟ್ಟೆ.

ಯಾರ ಪ್ಯಾಕೇಜು ಅಂತ ಬರೆಯಲ್ಲ. ಇಂಥದ್ದು ಮಾರೋರು ಇನ್ನೂ ಇದ್ದಾರೆ, ನನ್ನ ತಕರಾರು ಒಬ್ಬರ ಮೇಲಲ್ಲ. ಹೋಗಬೇಕು ಅಂತಿರೋರಿಗೆ ಅನುಕೂಲ ಆಗಲಿ ಅಂತ ಇದ್ದದ್ದನ್ನು ಇದ್ದ ಹಾಗೆ ಬರೀತೀನಿ. ನಡುವೆ ಸ್ವಲ್ಪ ಮನೆ ಕಥೆನೂ ಬರುತ್ತೆ, ಸಹಿಸಿಕೊಳ್ಳಿ.

ಮೊದಲ ಎಡವಟ್ಟು ಹೊರಡೋಕ್ಕೆ ಮುಂಚೇನೇ ಆಯ್ತು. ಬೆಳಿಗ್ಗೆ ಏಳಕ್ಕೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಎದುರು ನಿಲ್ಲಿ ಅಂದಿದ್ದರು. ಟಿಟಿ ಗಾಡಿ ಬಂದಾಗ ಏಳೂ ಐವತ್ತು. ಡ್ರೈವರು ಹೊಸಬ. ಆಫೀಸಿನವರು ಫೋನಲ್ಲಿ ‘ಮಾಲ್ಗುಡಿ ಪಾರ್ಟಿ’ ಅಂದದ್ದು ಕೇಳಿ ಆತ ಮ್ಯಾಪಿನಲ್ಲಿ ಮಾಲ್ಗುಡಿ ಅಂತಲೇ ಹಾಕಿಕೊಂಡಿದ್ದಾನೆ. ಮ್ಯಾಪು ಪಾಪ ಏನು ಮಾಡುತ್ತೆ? ಹೋಟೆಲು, ಹೋಂಸ್ಟೇ, ಅಪಾರ್ಟ್‌ಮೆಂಟು ಅಂತ ಒಂದಷ್ಟು ಮಾಲ್ಗುಡಿಗಳನ್ನು ಸಾಲಾಗಿ ತೋರಿಸಿದೆ. ಅದರಲ್ಲೊಂದರ ಗೇಟಿನ ಮುಂದೆ ಅರ್ಧ ಗಂಟೆ ಹಾರನ್ ಹೊಡೆದು ಬಂದಿದ್ದ. ‘ಇದೊಂದು ಊರಾ, ನೂರಾ, ಅರ್ಥ ಆಗ್ತಿಲ್ಲಮ್ಮ’ ಅಂದ. ಆ ಎರಡು ದಿನದಲ್ಲಿ ಮಾಲ್ಗುಡಿ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಅದು.

ಗಾಡಿಯಲ್ಲಿ ಹನ್ನೊಂದು ಜನ. ನಾವು ಮೂವರು, ಹುಬ್ಬಳ್ಳಿಯ ಒಂದು ಕುಟುಂಬ, ಬೆಂಗಳೂರಿನ ಗಂಡ ಹೆಂಡತಿ, ಮತ್ತೆ ಯಾರೊಂದಿಗೂ ಮಾತಾಡದೆ ಕ್ಯಾಮೆರಾ ಒರೆಸುತ್ತಾ ಕೂತ ಇಬ್ಬರು ಹುಡುಗರು. ಗೈಡು ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ, ಕೈಯಲ್ಲಿ ಮೈಕು. ಗಾಡಿ ಊರು ಬಿಡೋಕೆ ಮುಂಚೆ ‘ತಾನಾ ನ ತಾನ ನಾನ ನಾ’ ಶುರುವಾಯ್ತು. ಆ ಊರಿನ ಕಥೆಗಳ ‘ಮಾಲ್ಗುಡಿ ಡೇಸ್’ ಟೀವಿ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಆ ರಾಗ ಕೇಳಿದರೆ ನನ್ನ ವಯಸ್ಸಿನವರಿಗೆ ಹೊಟ್ಟೆಯೊಳಗೆ ಏನೋ ಆಗುತ್ತೆ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಶಿವಮೊಗ್ಗದಿಂದ ನಾವು ಮೊದಲು ಇಳಿಯಬೇಕಿದ್ದ ಅರಸಾಳಿನವರೆಗೆ ಅದನ್ನೇ ಹದಿನಾಲ್ಕು ಸಲ ಹಾಕಿದರೆ ಬೇರೆ ಏನೋ ಆಗುತ್ತೆ. ಲೆಕ್ಕ ಹಾಕಿದ್ದು ಮೊಮ್ಮಗ.

ಈಗ ಮನೆ ಕಥೆ. ನಮ್ಮಪ್ಪ ರೈಲ್ವೆಯಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್. ಶಿವಮೊಗ್ಗ-ತಾಳಗುಪ್ಪ ಲೈನಿನಲ್ಲಿ, ಮೀಟರ್ ಗೇಜ್ ಕಾಲದಲ್ಲಿ, ಕುಂಸಿಯಲ್ಲಿ ಐದು ವರ್ಷ ಇದ್ದರು. ನಾನು ಅಕ್ಷರ ಕಲಿತದ್ದು ಸ್ಲೇಟಿನಲ್ಲಲ್ಲ, ಪ್ಲಾಟ್‌ಫಾರ್ಮಿನ ತುದಿಯ ಹಳದಿ ಬೋರ್ಡಿನಲ್ಲಿ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಕು’ ಎಲ್ಲಿದೆ, ಸೊನ್ನೆ ಎಲ್ಲಿದೆ ಅಂತ ಕೇಳೋರು. ನನ್ನ ಬೆರಳು ಮುಟ್ಟುವಷ್ಟು ದೊಡ್ಡ ಕಪ್ಪಕ್ಷರ. ಬಿಸಿಲಿಗೆ ಬೋರ್ಡು ಕಾದಿರುತ್ತಿತ್ತು. ಕನ್ನಡ ಮುಗಿದ ಮೇಲೆ ಅದೇ ಹೆಸರು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕೆಳಗೆ ಸಣ್ಣದಾಗಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನೋದು. ಆ ಬೋರ್ಡಿಂದ ನನಗೆ ಮೂರು ಭಾಷೆ, ಒಂದು ಅಂಕಿ ಬಂತು. ಊರು ಅಂದರೆ ಬೋರ್ಡು ಅನ್ನೋ ನಂಬಿಕೆನೂ ಬಂತು.

ಅರಸಾಳಿನಲ್ಲಿ ಅಪ್ಪ ಎರಡು ತಿಂಗಳು ರಿಲೀವಿಂಗ್ ಡ್ಯೂಟಿ ಮಾಡಿದ್ದರು. ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಗಾಡಿಗೆ ವಾಪಸ್. ‘ಅಲ್ಲಿ ರೈಲಿಗಿಂತ ನವಿಲು ಜಾಸ್ತಿ’ ಅನ್ನೋರು. ಅಷ್ಟೇ ನಮಗೆ ಗೊತ್ತಿದ್ದ ಅರಸಾಳು.

ಆಮೇಲೆ ದಾವಣಗೆರೆಗೆ ಬಂದೆವು, ಅಪ್ಪ ರಿಟೈರ್ ಆದರು. ಮಾಲ್ಗುಡಿ ಡೇಸ್ ದೂರದರ್ಶನದಲ್ಲಿ ಬರುತ್ತಿದ್ದ ಕಾಲ, ಪಕ್ಕದ ಮನೆಯ ಬ್ಲಾಕ್ ಅಂಡ್ ವೈಟ್ ಟೀವಿ ಮುಂದೆ ಎರಡು ಬೀದಿಯ ಜನ. ಸ್ಟೇಷನ್ನಿನ ದೃಶ್ಯ ಬಂತು. ಚಾಪೆ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತೇ ಬಿಟ್ಟರು. ‘ಏ, ಇದು ಅರಸಾಳು ಕಣೇ!’ ಅಲ್ಲಿದ್ದವರು ಯಾರೂ ಒಪ್ಪಲಿಲ್ಲ. ಬೋರ್ಡಿನಲ್ಲಿ ಮಾಲ್ಗುಡಿ ಅಂತ ಬರೆದಿದೆಯಲ್ಲ ಮೇಷ್ಟ್ರೇ ಅಂದರು. ಅಪ್ಪನಿಗೆ ಸಿಟ್ಟು. ‘ಬೋರ್ಡು ಬದಲಾಯಿಸಿಬಿಟ್ಟರೆ ಸ್ಟೇಷನ್ನು ಬದಲಾಗುತ್ತೇನ್ರಿ?’ ಅಂತ ಹೇಳಿ ಕೂತರು. ಮಾರನೇ ದಿನದಿಂದ ಬೀದಿಯಲ್ಲಿ ಅವರಿಗೆ ಮಾಲ್ಗುಡಿ ಮೇಷ್ಟ್ರು ಅಂತ ಹೆಸರು. ಸಾಯೋವರೆಗೂ ಹೋಗಲಿಲ್ಲ.

ಆದ್ದರಿಂದ ಗಾಡಿ ನಿಂತು, ಗೈಡು ಮೈಕಿನಲ್ಲಿ ‘ವೆಲ್‌ಕಮ್ ಟು ಮಾಲ್ಗುಡಿ ರೈಲ್ವೆ ಸ್ಟೇಷನ್’ ಅಂದಾಗ ನನಗೆ ಅಪ್ಪನ ಸಿಟ್ಟೇ ಬಂತು.

ಜಾಗದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬ್ರಾಡ್ ಗೇಜ್ ಬಂದು ಹೊಸ ಸ್ಟೇಷನ್ ಕಟ್ಟಿದ ಮೇಲೆ ಹಳೇ ಕಟ್ಟಡ ಹಾಳು ಬಿದ್ದಿತ್ತು. ಅದನ್ನು ಕೆಡವದೆ ರೈಲ್ವೆಯವರು 2020ರಲ್ಲಿ ಮ್ಯೂಸಿಯಂ ಮಾಡಿದರು, ಮಾಲ್ಗುಡಿ ಮ್ಯೂಸಿಯಂ ಅಂತ. ಮುಂದೆ ನಿಂತು ಮಾಡಿಸಿದವರು ಜಾನ್ ದೇವರಾಜ್, ಶಂಕರ್‌ನಾಗ್ ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದವರೇ. ಗೊತ್ತಿರುವ ಕೈ ಮುಟ್ಟಿದ್ದು ಕಾಣುತ್ತೆ. ಗೊಂಬೆಗಳು, ಚಿತ್ರಗಳು, ಹಳೇ ಕಾಲದ ಗಾಳಿ. ಮೊಮ್ಮಗ ಒಂದೊಂದರ ಮುಂದೂ ನಿಂತ. ಸ್ಟೇಷನ್ನಿಗೇ ಮಾಲ್ಗುಡಿ ಅಂತ ಹೆಸರಿಡೋ ಮಾತೂ ಒಮ್ಮೆ ಬಂದಿತ್ತು, ಪೇಪರಿನಲ್ಲಿ ಓದಿದ ನೆನಪು. ಪ್ಯಾಕೇಜಿನವರು ನಮಗೆ ಇಲ್ಲಿ ಕೊಟ್ಟದ್ದು ಇಪ್ಪತ್ತೈದು ನಿಮಿಷ. ಒಂದು ಗಂಟೆ ಬೇಕು. ಬರೆದುಕೊಳ್ಳಿ.

ಗೈಡು ಬೆಂಚೊಂದನ್ನು ತೋರಿಸಿ ‘ನಾರಾಯಣ್ ಸರ್ ಇಲ್ಲೇ ಕೂತು ಕಥೆ ಬರೆದದ್ದು’ ಅಂದ. ಹುಬ್ಬಳ್ಳಿಯವರು ಆ ಬೆಂಚಿನ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ನನ್ನ ಬಾಯಿ ಸುಮ್ಮನಿರಲಿಲ್ಲ. ‘ಅಲ್ಲಪ್ಪ, ಅವರು ಬರೆಯೋಕೆ ಕೂತದ್ದು ಬೆಂಗಳೂರಲ್ಲಿ’ ಅಂದೆ. ಅದು 1930ರ ವಿಜಯದಶಮಿ. ಅಜ್ಜಿ ಒಳ್ಳೇ ದಿನ ಅಂದರು, ಹುಡುಗ ಒಂದು ನೋಟ್‌ಬುಕ್ ಇಟ್ಟುಕೊಂಡು ಪೆನ್ನು ಕಚ್ಚುತ್ತಾ ಕೂತ. ಆಗ ಮನಸ್ಸಿಗೆ ಮೊದಲು ಬಂದದ್ದು ಮನುಷ್ಯರಲ್ಲ, ಕಥೆಯಲ್ಲ, ಪುಟ್ಟದೊಂದು ರೈಲ್ವೆ ಸ್ಟೇಷನ್ನು, ಅದರ ಜೊತೆಗೇ ಮಾಲ್ಗುಡಿ ಅನ್ನೋ ಹೆಸರು. ಪ್ಲಾಟ್‌ಫಾರ್ಮಿನ ಮೇಲೆ ಸ್ವಾಮಿನಾಥನ್ ಅನ್ನೋ ಹುಡುಗ ಓಡುತ್ತಾ ಬೋಗಿಯಲ್ಲಿ ಕೂತವರ ಮುಖ ಇಣುಕಿ ನೋಡುತ್ತಿದ್ದ. ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರೋದು ಹೀಗೆ. ಅಂದರೆ ಈ ಊರಿನಲ್ಲಿ ಮೊದಲು ಹುಟ್ಟಿದ್ದು ಸ್ಟೇಷನ್ನು. ಬೀದಿ, ಶಾಲೆ, ನದಿ, ಅಂಗಡಿ, ಜನ ಆಮೇಲೆ ರೈಲಿಂದ ಇಳಿದ ಹಾಗೆ ಒಬ್ಬೊಬ್ಬರಾಗಿ ಬಂದರು. ಸ್ಟೇಷನ್ ಮಾಸ್ಟರ್ ಮಗಳಿಗೆ ಇದಕ್ಕಿಂತ ಇಷ್ಟವಾಗೋ ಊರಿನ ಜಾತಕ ಇನ್ನೊಂದಿಲ್ಲ.

ಗೈಡು ‘ಸೂಪರ್ ಮೇಡಂ’ ಅಂದು ಮುಂದಿನ ಬೆಂಚಿಗೆ ಹೋದ.

ಅಲ್ಲಿಂದ ನಾನು ಮೊಮ್ಮಗನ ಕೈ ಹಿಡಿದುಕೊಂಡು ಹೊಸ ಪ್ಲಾಟ್‌ಫಾರ್ಮಿನ ತುದಿಗೆ ಹೋದೆ. ಹಳದಿ ಬೋರ್ಡು ಇತ್ತು. ಅರಸಾಳು. ಓದು ಅಂದೆ. ಇಂಗ್ಲಿಷ್ ಮೀಡಿಯಂ ಹುಡುಗ, ಮೊದಲು ಇಂಗ್ಲಿಷಿಂದ ಓದಿದ, ಆಮೇಲೆ ಕನ್ನಡ. ‘ಳು’ ಹತ್ತಿರ ಸ್ವಲ್ಪ ತಡವರಿಸಿದ. ಹನ್ನೊಂದು ವರ್ಷದವನನ್ನು ಹೆಗಲ ಮೇಲೆ ಕೂರಿಸಿಕೊಳ್ಳೋ ಶಕ್ತಿ ನನಗಿಲ್ಲ, ಬೋರ್ಡಿನ ಕಟ್ಟೆ ಹತ್ತಿಸಿ ಅಕ್ಷರ ಮುಟ್ಟಿಸಿದೆ. ‘ಬಿಸಿ ಇದೆ ಅಜ್ಜಿ’ ಅಂದ. ಅಷ್ಟರಲ್ಲಿ ಹಿಂದಿನಿಂದ ಮೈಕು: ‘ಮೇಡಂ, ಅಲ್ಲೇನೂ ಇಲ್ಲ, ಈ ಕಡೆ ಮಾಲ್ಗುಡಿ ಬೋರ್ಡ್ ಮುಂದೆ ಗ್ರೂಪ್ ಫೋಟೋ!’

ಮಧ್ಯಾಹ್ನದ ಊಟ ರಿಪ್ಪನ್‌ಪೇಟೆಯಲ್ಲಿ. ಅನ್ನ, ಸೊಪ್ಪಿನ ಹುಳಿ, ತೊಂಡೆಕಾಯಿ ಪಲ್ಯ, ಮಜ್ಜಿಗೆ, ಹಪ್ಪಳ. ಬಡಿಸಿದವರು ಎರಡನೇ ಸಲ ಕೇಳದೆ ಹಾಕಿದರು. ಪೂರ್ತಿ ಅಂಕ. ಊರಿನ ಹೆಸರು ಬಂದದ್ದು 1880ರಿಂದ 84ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್‌ನಿಂದ ಅನ್ನೋದನ್ನು ಮೊಮ್ಮಗನಿಗೆ ಹೇಳಿದೆ. ‘ಅವರು ಇಲ್ಲಿ ಊಟ ಮಾಡಿದ್ರಾ?’ ಅಂತ ಕೇಳಿದ. ಒಬ್ಬ ದೊರೆಯ ಹೆಸರಿಗೆ ಪೇಟೆ ಅಂತ ಅಂಟಿಸಿದರು, ಈಗ ಅದನ್ನು ಕೇಳಿದರೆ ಲಾರ್ಡ್ ಯಾರ ತಲೆಗೂ ಬರಲ್ಲ, ಬಸ್ಸು ಬರುತ್ತೆ. ಕಟ್ಟಿದ ಹೆಸರು ಹಳತಾದರೆ ಹೀಗೇ, ಹುಟ್ಟಿದ ಹೆಸರಿನ ಹಾಗೇ ನಿಂತುಬಿಡುತ್ತೆ.

ಊಟದ ಮೇಲೆ ಗಾಡಿಯಲ್ಲಿ ಹೆಸರಿನ ಬಗ್ಗೆಯೇ ಜಗಳ ಹತ್ತಿತು. ಪ್ಯಾಕೇಜಿನ ಖರ್ಚು ವಸೂಲಾದದ್ದು ಆ ಒಂದು ಗಂಟೆಯಲ್ಲಿ. ಬೆಂಗಳೂರಿನಾಕೆ ಮಲ್ಲೇಶ್ವರದವರು, ಅವರ ಯಜಮಾನರು ಬಸವನಗುಡಿಯವರು. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿಸಿದರೆ ಮಾಲ್ಗುಡಿ, ನಮ್ಮ ಮದುವೆಯ ಹಾಗೆ ಅಂದರು. ಕೇಳೋಕೆ ಚೆಂದ, ಬೆಂಗಳೂರಿನಲ್ಲಿ ಎಲ್ಲರೂ ಹೇಳೋದೂ ಇದನ್ನೇ. ಆದರೆ ನಾರಾಯಣ್ ಹಾಗಂತ ಹೇಳಿಲ್ಲ. ಅವರ ಪ್ರಕಾರ ಹೆಸರು ಇಡಿಯಾಗಿ ಬಂತು, ತುಂಡು ಜೋಡಿಸಿದ್ದಲ್ಲ. ಹುಬ್ಬಳ್ಳಿಯ ಹಿರಿಯರು ತಿರುಚ್ಚಿ ಹತ್ತಿರ ಲಾಲ್ಗುಡಿ ಅಂತ ನಿಜವಾದ ಊರೇ ಇದೆ, ಅಲ್ಲಿ ಸ್ಟೇಷನ್ನೂ ಇದೆ, ‘ಲಾ’ ತೆಗೆದು ‘ಮಾ’ ಹಾಕಿದ್ದಾರೆ ಬಿಡಿ ಅಂದರು. ನನಗೆ ಹೊಳೆದದ್ದು ಇನ್ನೊಂದು. ಗುಡಿ ಅಂದ ಕೂಡಲೇ ಕನ್ನಡದವರಿಗೆ ದೇವಸ್ಥಾನ ಕಾಣುತ್ತೆ. ತಮಿಳಿನಲ್ಲಿ ಕುಡಿ ಅಂದರೆ ಜನ ನೆಲೆಸಿದ ಜಾಗ: ಮನ್ನಾರ್‌ಗುಡಿ, ಕಾರೈಕುಡಿ. ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, ಇಂಗ್ಲಿಷಿನಲ್ಲಿ ಬರೆದ ಮನುಷ್ಯ ಇಟ್ಟ ಹೆಸರು ಎರಡೂ ಕಡೆಯವರಿಗೆ ‘ನಮ್ಮ ಪಕ್ಕದ ಊರು’ ಅನಿಸುತ್ತೆ. ಗಡಿಯಲ್ಲಿ ಪಾಸ್ ಕೇಳದ ಹೆಸರು.

ಅದು ಹರಡಿದ ರೀತಿಯೇ ವಿಚಿತ್ರ. ಹಸ್ತಪ್ರತಿ ಇಂಗ್ಲೆಂಡಿಗೆ ಹೋಯಿತು, ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡ ಅಂದರು. ಬೇಸತ್ತು ನಾರಾಯಣ್ ಅಲ್ಲಿದ್ದ ಗೆಳೆಯನಿಗೆ, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ಬರೆದರು. ಗೆಳೆಯ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ಕೊಟ್ಟ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಂತ ಪುಸ್ತಕ ಬಂತು. ಅಂದರೆ ಮಾಲ್ಗುಡಿಗೆ ಮೊದಲು ಬಂದ ಪ್ರವಾಸಿಗರು ಲಂಡನ್ನಿನ ಓದುಗರು, ನಾವಲ್ಲ. 1943ರಲ್ಲಿ ಊರಿನ ಹೆಸರು ಕಥಾಸಂಕಲನದ ಮುಖಪುಟಕ್ಕೇ ಬಂತು. 1961ರಲ್ಲಿ ಇನ್ನೊಂದು ಕಾದಂಬರಿಯ ಶೀರ್ಷಿಕೆಗೆ. ಅಮೆರಿಕದ ಒಬ್ಬ ವಿದ್ವಾಂಸರು ಕಾದಂಬರಿಗಳಿಂದ ದಿಕ್ಕು ಹೆಕ್ಕಿ ಊರಿನ ನಕ್ಷೆಯನ್ನೇ ಬರೆದರು. ನಾರಾಯಣ್ ಒಂದು ಮುನ್ನುಡಿಯಲ್ಲಿ ಇದು ಯಾವ ಭೂಪಟದಲ್ಲೂ ಸಿಗದ ಕಲ್ಪನೆಯ ಊರು ಅಂತ ಹೇಳಿ, ಆ ವಾಕ್ಯಕ್ಕೇ ಆವರಣ ಹಾಕಿ, ಶಿಕಾಗೋ ವಿಶ್ವವಿದ್ಯಾಲಯದ ಪ್ರೆಸ್ಸಿನವರು ಸಾಹಿತ್ಯದ ಅಟ್ಲಾಸಿನಲ್ಲಿ ಭಾರತದ ಭೂಪಟದ ಮೇಲೆ ಗುರುತು ಮಾಡಿಬಿಟ್ಟಿದ್ದಾರೆ ಅಂತ ಸೇರಿಸಿದ್ದಾರೆ. ಮಾಲ್ಗುಡಿಯ ಜನ ನನಗೆ ನ್ಯೂಯಾರ್ಕಿನ ಇಪ್ಪತ್ತಮೂರನೇ ಬೀದಿಯಲ್ಲೂ ಕಾಣ್ತಾರೆ ಅಂತಲೂ ಅಲ್ಲೇ ಬರೆದರು. ನಮ್ಮ ಕಡೆ ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಶಂಕರ್‌ನಾಗ್, ಆಗುಂಬೆಯ ಬೀದಿಗಳಲ್ಲಿ, ಮಾಸ್ಟರ್ ಮಂಜುನಾಥನ ಟೋಪಿಯಲ್ಲಿ, ಆರ್.ಕೆ. ಲಕ್ಷ್ಮಣ್ ಗೆರೆಗಳಲ್ಲಿ. ಅದೂ ಕನ್ನಡದಲ್ಲಲ್ಲ! ಕನ್ನಡಿಗರು ಮಲೆನಾಡಿನಲ್ಲಿ ತೆಗೆದದ್ದನ್ನು ನಾವು ಹಿಂದಿಯಲ್ಲಿ ನೋಡಿ ನಮ್ಮೂರು ಅಂದುಕೊಂಡೆವು. ಆಮೇಲೆ ಮೈಸೂರು-ಯಲಹಂಕ ಮಧ್ಯೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತ ನಿಜವಾದ ರೈಲೇ ಓಡಿತು. ಇಲ್ಲದ ಊರಿನ ಹೆಸರಿಗೆ ಟಿಕೆಟು, ವೇಳಾಪಟ್ಟಿ, ಲೇಟು ಎಲ್ಲ ಸಿಕ್ಕಿತು.

ಬೆಂಗಳೂರಿನ ಯಜಮಾನರು ಮ್ಯಾಪ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡೋರು. ಅವರು ಇನ್ನೊಂದು ಹೇಳಿದರು. 1930ರ ದಶಕದಲ್ಲಿ ಅಮೆರಿಕದ ಜನರಲ್ ಡ್ರಾಫ್ಟಿಂಗ್ ಅನ್ನೋ ನಕ್ಷೆ ಕಂಪನಿಯ ಓಟೋ ಲಿಂಡ್‌ಬರ್ಗ್ ಮತ್ತು ಅವರ ಸಹಾಯಕ ಅರ್ನೆಸ್ಟ್ ಆಲ್ಪರ್ಸ್ ತಮ್ಮಿಬ್ಬರ ಹೆಸರಿನ ಮೊದಲಕ್ಷರಗಳನ್ನು ಕಲಸಿ ‘ಅಗ್ಲೋ’ ಅಂತ ಒಂದು ಊರು ಸೃಷ್ಟಿಸಿ, ನ್ಯೂಯಾರ್ಕ್ ರಾಜ್ಯದ ಯಾವುದೋ ಮಣ್ಣುರಸ್ತೆಯ ಕೂಡಿನಲ್ಲಿ ಇಟ್ಟರಂತೆ. ಯಾರಾದರೂ ನಕ್ಷೆ ಕದ್ದರೆ ಸಿಕ್ಕಿಬೀಳಲಿ ಅಂತ. ಕೆಲವು ವರ್ಷ ಆದ ಮೇಲೆ ಇನ್ನೊಂದು ನಕ್ಷೆ ಕಂಪನಿ ರ‍್ಯಾಂಡ್ ಮೆಕ್‌ನ್ಯಾಲಿಯವರ ನಕ್ಷೆಯಲ್ಲೂ ಅಗ್ಲೋ ಬಂತು. ಸಿಕ್ಕಿಬಿದ್ದರಲ್ಲ ಅಂತ ನೋಡಿದರೆ, ಆ ಜಾಗದಲ್ಲಿ ಅಷ್ಟರಲ್ಲಿ ಅಗ್ಲೋ ಜನರಲ್ ಸ್ಟೋರ್ ಅಂತ ಅಂಗಡಿ ಎದ್ದಿತ್ತು! ಅಂಗಡಿಯವನು ನಕ್ಷೆಯಲ್ಲಿ ಹೆಸರು ನೋಡಿಕೊಂಡು ಬೋರ್ಡು ಬರೆಸಿದ್ದ. ಆಮೇಲೆ ಅಂಗಡಿ ಮುಚ್ಚಿತು, ಊರು ಬಹಳ ಕಾಲ ನಕ್ಷೆಯಲ್ಲಿ ಉಳಿಯಿತು. ಕ್ಯಾಮೆರಾ ಹುಡುಗರು ಮೊದಲ ಸಲ ತಲೆ ಎತ್ತಿ ಕೇಳಿದರು.

ನಾನಂದೆ, ಆ ಅಗ್ಲೋದಲ್ಲಿ ಯಾರ ಹೆಸರೂ ಅಳಿಸಿ ಹೋಗಲಿಲ್ಲ, ಅಲ್ಲಿ ಖಾಲಿ ಜಾಗ ಇತ್ತು. ಅರಸಾಳು ಖಾಲಿ ಜಾಗ ಅಲ್ಲವಲ್ಲ.

ಕೋಣಂದೂರು ದಾಟಿ ತೀರ್ಥಹಳ್ಳಿಗೆ ಬಂದೆವು. ಸೇತುವೆ ಹತ್ತಿರ ಗಾಡಿ ನಿಧಾನ ಆಯ್ತು. ಕೆಳಗೆ ತುಂಗೆ, ಜನವರಿಯ ತಿಳಿ ನೀರು, ಬಂಡೆಗಳ ನಡುವೆ ರಾಮ ಮಂಟಪ. ಗೈಡು ಮೈಕೆತ್ತಿ ‘ಲೆಫ್ಟಿಗೆ ನೋಡಿ, ಇದೇ ಮಾಲ್ಗುಡಿಯ ಸರಯೂ ನದಿ!’

ಇದನ್ನು ಮಾತ್ರ ನನಗೆ ತಡೆದುಕೊಳ್ಳೋಕೆ ಆಗಲಿಲ್ಲ. ತುಂಗಾ ಪಾನ ಗಂಗಾ ಸ್ನಾನ ಅಂತ ಹೇಳಿಕೊಂಡು ಬೆಳೆದವರ ಮುಂದೆ ತುಂಗೆಯನ್ನೇ ಸರಯೂ ಅನ್ನೋದೇ? ‘ತಮ್ಮಾ, ಸರಯೂ ಪುಸ್ತಕದಲ್ಲಿ ಹರಿಯೋ ನದಿ. ಇದು ತುಂಗಾ. ಇದಕ್ಕೆ ಬೇರೆ ಹೆಸರು ಬೇಡ’ ಅಂದೆ. ನಾದಿನಿ ‘ಅತ್ತಿಗೆ, ಸಾಕು ಬಿಡಿ’ ಅಂತ ಸೆರಗು ಎಳೆದಳು. ಮುಂದೆ ಆಗುಂಬೆ ದಾರಿಯಲ್ಲಿ ಘಟ್ಟ ತೋರಿಸಿ ಮೆಂಪಿ ಬೆಟ್ಟ ಅಂದ, ಅದೂ ಪುಸ್ತಕದ್ದೇ. ಆಗ ನಾನು ಕಿಟಕಿ ಕಡೆ ಮುಖ ಮಾಡಿದೆ. ಸೂರ್ಯಾಸ್ತ ಚೆನ್ನಾಗಿತ್ತು, ಪಶ್ಚಿಮದ ಇಳಿಜಾರೆಲ್ಲ ಕೆಂಪು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲದೆ ಅರ್ಧ ಸೂರ್ಯ ಮುಳುಗಿದ ಮೇಲೆ ತಲುಪಿದೆವು. ಮಳೆಗಾಲದಲ್ಲಿ ಹೋದರೆ ಸೂರ್ಯ ಕಾಣೋದಿಲ್ಲ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯೋ ಊರು. ಪೋಸ್ಟರಿನಲ್ಲಿ ಇದನ್ನು ಹೇಳಿಲ್ಲ.

ವಸತಿ ಆಗುಂಬೆಯಿಂದ ಸ್ವಲ್ಪ ದೂರದ ತೋಟದ ಮನೆ. ಕೋಣೆಗಳಿಗೆ ಕಬೀರ್ ಸ್ಟ್ರೀಟ್, ಎಲ್ಲಮ್ಮನ್ ಸ್ಟ್ರೀಟ್, ಲಾಲಿ ರೋಡ್ ಅಂತ ಮಾಲ್ಗುಡಿಯ ಬೀದಿಗಳ ಹೆಸರು. ನಮಗೆ ಲಾಲಿ ರೋಡ್ ಸಿಕ್ಕಿತು. ಹೆಸರಿಗೆ ತಕ್ಕ ಹಾಗೆ ರಾತ್ರಿಯಿಡೀ ಮಂಚ ತೂಗುತ್ತಿತ್ತು, ಒಂದು ಕಾಲಿಗೆ ಹೆಂಚಿನ ಚೂರು ಕೊಟ್ಟಿದ್ದರು. ಬಾತ್‌ರೂಮಿನ ಚಿಲಕ ಹಿಡಿಯಲ್ಲ. ಹಾಸಿಗೆ ಶುಭ್ರ. ಬಿಸಿನೀರು ಹಂಡೆಯದು, ಅಡಿಕೆ ಸಿಪ್ಪೆಯ ಉರಿ, ಗೀಸರಿಗಿಂತ ಎಷ್ಟೋ ಮೇಲು. ಮೆನು ಕಾರ್ಡಿನಲ್ಲಿ ಸ್ವಾಮಿ, ಅವನ ಗೆಳೆಯರ ಹೆಸರಲ್ಲಿ ಸ್ವಾಮಿ ಸ್ಪೆಷಲ್, ರಾಜಂ ರೋಸ್ಟ್, ಮಣಿ ಮೀಲ್ಸ್. ಮಣಿ ಮೀಲ್ಸ್ ಅಂದರೆ ಏನಮ್ಮ ಅಂತ ಅಡುಗೆ ಮನೆಯಲ್ಲಿ ಕೇಳಿದೆ. ಆಕೆ ನಕ್ಕು, ‘ಅದೆಲ್ಲ ಅವರು ಬರೆಸಿದ್ದು ಅಮ್ಮ, ನಾನು ಅಕ್ಕಿ ರೊಟ್ಟಿ ಮಾಡಿದೀನಿ’ ಅಂದರು. ರೊಟ್ಟಿ, ಬಾಳೆಕಾಯಿ ಪಲ್ಯ, ಬೂದುಗುಂಬಳದ ಮಜ್ಜಿಗೆ ಹುಳಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಬೆಳಿಗ್ಗೆ ನೀರ್ ದೋಸೆ, ಜೋನಿ ಬೆಲ್ಲ, ತುಪ್ಪ. ಐದಕ್ಕೆ ಐದು, ಆ ಐದೂ ಪ್ಯಾಕೇಜಿನವರಿಗಲ್ಲ, ಆ ತಾಯಿಗೆ.

ರಾತ್ರಿ ಜಗಲಿಯಲ್ಲಿ ಕಷಾಯ ಕುಡಿಯುತ್ತಾ ಕೂತಿದ್ದಾಗ ಗೈಡು ಬಂದು ಪಕ್ಕದಲ್ಲಿ ಕೂತ. ಮೈಕು ಇಲ್ಲದೆ ನೋಡಿದ್ದು ಅದೇ ಮೊದಲು. ‘ಮೇಡಂ, ಬೇಜಾರಾ?’ ಅಂದ. ಬಿ.ಕಾಂ. ಆಗಿದೆ. ಸೀಸನ್ನಿನಲ್ಲಿ ಟ್ರಿಪ್ಪಿಗೆ ಎಂಟುನೂರು ಕೊಡ್ತಾರೆ. ಮೂರು ಪುಟದ ಪಿಡಿಎಫ್ ಕಳಿಸಿ ಬಾಯಿಪಾಠ ಮಾಡು ಅಂದಿದ್ದಾರೆ. ಬೆಂಚಿನ ಕಥೆ, ಸರಯೂ ಎಲ್ಲ ಅದರಲ್ಲಿದ್ದದ್ದೇ. ಊರು ಯಾವುದಪ್ಪ ಅಂದೆ. ರಿಪ್ಪನ್‌ಪೇಟೆ ಅಂದ. ನನಗೆ ನಗು ಬಂತು. ಅರಸಾಳಿಂದ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರದವನು ಅರಸಾಳು ಅನ್ನೋ ಹೆಸರು ಒಂದು ಸಲವೂ ಎತ್ತಲಿಲ್ಲವಲ್ಲ! ‘ಹೇಳಬಾರದು ಅಂತಲ್ಲ ಮೇಡಂ. ಮೊದಲು ಪೋಸ್ಟರಿನಲ್ಲಿ ಅರಸಾಳು ಅಂತ ಹಾಕಿದ್ರಂತೆ. ಮೂರೇ ಬುಕಿಂಗು. ಮಾಲ್ಗುಡಿ ಅಂತ ಹಾಕಿದ ಮೇಲೆ ಗಾಡಿ ತುಂಬ್ತಾ ಇದೆ.’

ಆಗ ನನಗೆ ರೈಲ್ವೆ ರಾಜು ನೆನಪಾದ. 1958ರಲ್ಲಿ ಬಂದ ‘ದಿ ಗೈಡ್’ ಕಾದಂಬರಿಯ ನಾಯಕ, ಮಾಲ್ಗುಡಿ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟುಕೊಂಡಿದ್ದವನು. ರೈಲಿಂದ ಇಳಿದವರು ಏನು ಕೇಳಿದರೂ ಗೊತ್ತಿಲ್ಲ ಅನ್ನೋಕೆ ಬಾಯಿ ಬಾರದ್ದಕ್ಕೇ ಟೂರಿಸ್ಟ್ ಗೈಡ್ ಆದವನು. ಗುಡಿ ಎಷ್ಟು ಹಳೇದು ಅಂದರೆ ಆ ಹೊತ್ತಿಗೆ ಬಾಯಿಗೆ ಬಂದ ವರ್ಷ ಹೇಳೋನು, ಕೇಳಿದವರೂ ಖುಷಿಯಾಗಿ ಹೋಗೋರು. ಪ್ಯಾಕೇಜಿನವರು ದುಡ್ಡು ಖರ್ಚು ಮಾಡಿ ಕೋಣೆ, ಮೆನು ಎಲ್ಲ ಮಾಲ್ಗುಡಿಯ ಹಾಗೆ ಮಾಡಲು ಹೋಗಿ ಎಡವಿದ್ದರು. ಪುಸ್ತಕದಿಂದ ನೇರ ಇಳಿದು ಬಂದವನು ಇವನೊಬ್ಬನೇ, ಅದೂ ಅವರಿಗೆ ಗೊತ್ತಿಲ್ಲದ ಹಾಗೆ. ಹುಡುಗನಿಗೆ ರಾಜುವಿನ ಕಥೆ ಹೇಳಿದೆ. ‘ಕೊನೆಗೆ ಅವನಿಗೇನಾಗುತ್ತೆ?’ ಅಂದ. ಓದು ಅಂದೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತಲೂ ಹೇಳಿದೆ, ಮೇಷ್ಟ್ರ ಚಾಳಿ.

ಎರಡನೇ ದಿನ ಬೇಗ ಮುಗಿಸ್ತೀನಿ, ಅಲ್ಲಿ ಹೇಳೋದು ಕಡಿಮೆ. ಆಗುಂಬೆಯ ದೊಡ್ಡಮನೆ, ಧಾರಾವಾಹಿಯಲ್ಲಿ ಸ್ವಾಮಿಯ ಮನೆ ಆಗಿದ್ದದ್ದು. ಮಧ್ಯದ ಅಂಗಳ, ಸುತ್ತ ಮರದ ಕಂಬಗಳು. ನಾದಿನಿ ಒಂದು ಕಂಬಕ್ಕೆ ಒರಗಿ ಕೂತವಳು ಏಳೋಕೇ ಒಪ್ಪಲಿಲ್ಲ. ಅದು ಜನ ಬಾಳುತ್ತಿರೋ ಮನೆ, ಸೆಟ್ ಅಲ್ಲ, ಹೋದಾಗ ಅದು ನೆನಪಿರಲಿ. ಆಮೇಲೆ ಅಂಗಡಿಯೊಂದರ ಮುಂದೆ ಗಾಡಿ ಒಂದೂ ಕಾಲು ಗಂಟೆ ನಿಂತಿತು. ಮಾಲ್ಗುಡಿ ಉಪ್ಪಿನಕಾಯಿ, ಮಾಲ್ಗುಡಿ ಕಾಫಿಪುಡಿ, ಮಾಲ್ಗುಡಿ ಕೀಚೈನು. ಉಪ್ಪಿನಕಾಯಿ ಬಾಟಲಿ ತಿರುಗಿಸಿದರೆ ತಯಾರಾದ ಊರು ಬೇರೆ ಜಿಲ್ಲೆಯದು. ಅಲ್ಲಿ ಹೋದ ಹೊತ್ತಿಗೆ ಕುಪ್ಪಳ್ಳಿಗೆ ಸಮಯ ಉಳಿಯಲಿಲ್ಲ. ಕುವೆಂಪು ಮನೆ, ಕವಿಶೈಲ ಅಷ್ಟು ಹತ್ತಿರ ಬಂದು ಬಿಟ್ಟುಹೋದದ್ದು ನನಗೆ ಇವತ್ತಿಗೂ ಉರಿಯುತ್ತೆ. ಮೊಮ್ಮಗನಿಗೆ ತೋರಿಸಬೇಕು ಅಂತ ಇದ್ದದ್ದೇ ಅದನ್ನು. ತಲೆಗೆ ಇನ್ನೂರಾದರೂ ವಾಪಸ್ ಕೊಡಿ ಅಂತ ಮೆಸೇಜು ಹಾಕಿದ್ದೆ, ‘ಸಮಯ ಇದ್ದರೆ ಅಂತ ಇದೆ ಮೇಡಂ’ ಅಂತ ಉತ್ತರ ಬಂತು.

ಹೋಗಬಹುದಾ ಅಂತ ಕೇಳಿದರೆ, ಹೋಗಿ. ಆದರೆ ಇಷ್ಟು ದುಡ್ಡು ಕೊಟ್ಟು ಇವರ ಜೊತೆ ಬೇಡ. ಮ್ಯೂಸಿಯಂಗೆ ನೀವೇ ಹೋಗಿ, ತಾಳಗುಪ್ಪ ಲೈನಿನಲ್ಲಿ ಅರಸಾಳಿನಲ್ಲಿ ನಿಲ್ಲೋ ಗಾಡಿ ಯಾವುದು ಅಂತ ಮೊದಲೇ ವಿಚಾರಿಸಿಕೊಂಡರೆ ರೈಲಲ್ಲೇ ಇಳಿಯಬಹುದು. ಆ ಕಟ್ಟಡಕ್ಕೆ ಹೋಗೋ ಮರ್ಯಾದೆ ಅದೇ. ಕೌಂಟರಿನಲ್ಲಿ ಮಾಲ್ಗುಡಿ ಅಂತ ಕೇಳಬೇಡಿ.

ವಾಪಸ್ ಬಂದ ಮಾರನೇ ದಿನ ಅವರು ಫೀಡ್‌ಬ್ಯಾಕ್ ಫಾರಂ ಕಳಿಸಿದರು. ಊಟಕ್ಕೆ ಐದು ಒತ್ತಿದೆ, ಗೈಡಿಗೆ ನಾಲ್ಕು ಒತ್ತಿದೆ, ಸಮಯಪಾಲನೆಗೆ ಒಂದು. ‘ನಿಮಗೆ ಹೆಚ್ಚು ಇಷ್ಟವಾದ ಜಾಗ’ ಅಂತ ಒಂದು ಪ್ರಶ್ನೆ, ಕೆಳಗೆ ಆಯ್ಕೆಗಳು: ಮಾಲ್ಗುಡಿ ರೈಲ್ವೆ ಸ್ಟೇಷನ್, ಮಾಲ್ಗುಡಿ ನದಿ ತೀರ, ಮಾಲ್ಗುಡಿ ಸನ್‌ಸೆಟ್, ಸ್ವಾಮಿಯ ಮನೆ, ಇತರೆ. ಇತರೆ ಒತ್ತಿದರೆ ಒಂದು ಖಾಲಿ ಡಬ್ಬ ತೆರೆಯಿತು. ಫೋನನ್ನು ಮೊಮ್ಮಗನ ಕೈಗೆ ಕೊಟ್ಟೆ. ಅ, ರ, ಸಾ ಅಂತ ಒತ್ತುತ್ತಾ ಹೋದ, ಈ ಸಲ ‘ಳು’ ಹತ್ತಿರ ತಡವರಿಸಲಿಲ್ಲ.